ಹನಿರಾಯನ ಮೈಲೇಜು

ಕೇಕು ಬಿದ್ದದ್ದು ರಸ್ತೆಯ ಹಂಪಿನಿಂದ. ಬೈಗುಳ ಬಿದ್ದದ್ದು ಹನಿರಾಯನಿಗೆ.

ಮೂರಂತಸ್ತಿನ ಕೇಕು. ಹೆಂಡತಿ ಎರಡು ದಿನ ಸೊಂಟ ಬಗ್ಗಿಸಿ ಅದರ ಮೇಲೆ ಕೆನೆಯ ಗುಲಾಬಿಗಳನ್ನು ಅರಳಿಸಿದ್ದಳು. ಕೇಕು ಮಾಡಿಕೊಡುವುದು ಅವಳ ಕಸುಬು, ಅದನ್ನು ಸ್ಕೂಟರಿನಲ್ಲಿ ಮುಟ್ಟಿಸುವುದು ಗಂಡನ ಪಾಲಿನ ಕೆಲಸ. ಎರಡು ಮೊಣಕಾಲುಗಳ ನಡುವೆ ಹಸುಗೂಸಿನಂತೆ ಕೇಕಿನ ಡಬ್ಬ ಇಟ್ಟುಕೊಂಡು ಹೊರಟಿದ್ದ ಹನಿರಾಯ, ಹಂಪು ಬಂದಾಗ ಬ್ರೇಕು ಹಿಡಿಯಲಿಲ್ಲ. ಹಿಡಿದರೆ ವೇಗ ಇಳಿಯುತ್ತದೆ, ಇಳಿದ ವೇಗವನ್ನು ಮತ್ತೆ ಏರಿಸಲು ಪೆಟ್ರೋಲು ಬೇಕು. ಸ್ಕೂಟರು ಹಾರಿತು, ಡಬ್ಬದ ಮುಚ್ಚಳ ಹಾರಿತು, ಕೇಕೂ ಹಾರಿತು. ಸ್ಕೂಟರು ನೆಲಕ್ಕೆ ಮರಳಿತು. ಕೇಕು ಮಾತ್ರ ಅಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸರ ಎದೆಯ ಮೇಲೆ ಇಳಿಯಿತು. ಅವರ ಬಿಳಿ ಅಂಗಿಯ ಮೇಲೆ ‘ಶುಭಾಶಯಗಳು’ ಎಂದು ಉಲ್ಟಾ ಅಚ್ಚಾಯಿತು.

ಹನಿರಾಯ ಅವನ ನಿಜವಾದ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಮೀಟರು ಓದುವ ಕೆಲಸ ಅವನದು. ಊರಿನವರ ನಲ್ಲಿ ತೊಟ್ಟಿಕ್ಕಿದರೆ ಅವನ ಕರುಳು ಚುರ್ ಎನ್ನುತ್ತಿತ್ತು. ನೀರಿಗೇ ಹೀಗಾದರೆ ಪೆಟ್ರೋಲಿನ ಪಾಡೇನು! ಬಂಕಿನಲ್ಲಿ ಪೆಟ್ರೋಲು ಹಾಕಿದ ಮೇಲೆ ಪೈಪನ್ನು ಮೂರು ಸಲ ಕೊಡವಿಸಿಕೊಳ್ಳದೆ ಅವನು ಜಾಗ ಬಿಟ್ಟವನಲ್ಲ. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟದ್ದು ಮಾತ್ರ ಸರಿಯಾಗಿತ್ತು.

“ಎರಡು ವರ್ಷದಿಂದ ಕಾರು ನೋಡ್ತಾನೇ ಇದೀರಿ!” ಹೆಂಡತಿ ಹಿಟ್ಟಿನ ಕೈಯನ್ನೇ ಸೊಂಟಕ್ಕಿಟ್ಟು ಗುಡುಗಿದಳು. “ನನ್ನನ್ನ ಮದ್ವೆ ಆಗೋಕೆ ಹತ್ತು ನಿಮಿಷದಲ್ಲಿ ಒಪ್ಪಿದ್ರಲ್ಲ!”

“ನಿನಗೆ ಪೆಟ್ರೋಲು ಹಾಕ್ಬೇಕಿರ್ಲಿಲ್ವಲ್ಲ.”

ಈ ಮಾತು ಬಾಯಿಂದ ಜಾರಬಾರದಿತ್ತು. ಆದರೆ ಅವನ ಕಷ್ಟವೂ ಸುಳ್ಳಲ್ಲ. ಸಣ್ಣ ಕಾರು ಕಡಿಮೆ ಕುಡಿಯುತ್ತದೆ, ಆದರೆ ಅದರ ಡಿಕ್ಕಿಯಲ್ಲಿ ಬಿಸ್ಕತ್ತಿನ ಪೊಟ್ಟಣಕ್ಕಿಂತ ದೊಡ್ಡದೇನೂ ಹಿಡಿಸದು. ಡೀಸೆಲ್ ಕಾರು ದೂರ ಓಡುತ್ತದೆ, ಆದರೆ ಕೊಳ್ಳುವಾಗ ಕೊಟ್ಟ ಹೆಚ್ಚುವರಿ ಹಣ ಉಳಿತಾಯವಾಗಿ ವಾಪಸು ಬರುವಷ್ಟರಲ್ಲಿ ಮಾಲೀಕನೇ ಮುದುಕನಾಗಿರುತ್ತಾನೆ. ಕರೆಂಟಿನ ಕಾರಿನ ಬಗ್ಗೆ ವಿಚಾರಿಸಲು ಹೋಗಿ, ಆ ಬೆಲೆ ಕೇಳಿ ಅವನಿಗೇ ಶಾಕ್ ಹೊಡೆದಿತ್ತು.

“ಇವತ್ತು ಕಾರು ತಗೊಳ್ಲಿಲ್ಲ ಅಂದ್ರೆ ನಾನು ಕೇಕ್ ಮಾಡೋದು ನಿಲ್ಲಿಸ್ತೀನಿ. ನಿಮ್ಮ ಸಂಬಳದಲ್ಲಿ ಮನೆ ಓಡಿಸಿ ನೋಡಿ, ಎಷ್ಟು ಮೈಲೇಜು ಕೊಡತ್ತೆ ಅಂತ!”

ಅಷ್ಟರಲ್ಲಿ ಬಾಮೈದ ಬಂದ. ವ್ಯಾಯಾಮಶಾಲೆಯಲ್ಲಿ ತರಬೇತಿ ಕೊಡುವ ಹುರಿಯಾಳು. ನಿಧಾನವಾಗಿ ನಡೆಯುವುದು ಅವನಿಗೆ ಬೈಗುಳಕ್ಕೆ ಸಮ.

“ಭಾವ, ಹಲ್ಲಿನ ಡಾಕ್ಟ್ರಮ್ಮ ಕಾರು ಮಾರ್ತಾರಂತೆ. ದೊಡ್ಡ ಗಾಡಿ, ಡಿಕ್ಕೀಲಿ ನಾಲ್ಕಂತಸ್ತಿನ ಕೇಕ್ ನೆಟ್ಟಗೆ ನಿಲ್ಲತ್ತೆ. ಬೆಲೆ ಪೇಟೇಲಿರೋದ್ರಲ್ಲಿ ಅರ್ಧ!”

“ಅರ್ಧ ಯಾಕೆ?” ಎಂದು ಕೇಳಿದ್ದು ಹನಿರಾಯನಲ್ಲ, ಮೇಲ್ಮನೆಯ ಬಾಲ್ಕನಿ. ಅಲ್ಲಿಂದ ಅರ್ಧ ದೇಹ ಹೊರಗೆ ಚಾಚಿದ್ದವರು ಗುಳಿಗೆ ಮಾವ. ಔಷಧಿ ಅಂಗಡಿ ಇಟ್ಟವರು. ಬೀದಿಯವರೆಲ್ಲ ಅವರಿಗೆ ಅಳಿಯಂದಿರು, ಬೀದಿಯವರ ಸಂಸಾರವೆಲ್ಲ ಅವರ ಸ್ವಂತ ವ್ಯವಹಾರ. “ಇಬ್ಬರೇ ಹೋಗ್ಬೇಡಿ ಅಳಿಯಂದಿರೇ, ಮೋಸ ಹೋಗ್ತೀರ. ತಡೀರಿ, ಚಪ್ಪಲಿ ಹಾಕ್ಕೊಂಡು ಬಂದೆ.”

ಡಾಕ್ಟರಮ್ಮ ಮೋಸ ಮಾಡುವವರಾಗಿರಲಿಲ್ಲ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವನೊಬ್ಬನ ಹಲ್ಲು ಕೊರೆಯುತ್ತಲೇ ಅವರು ಸತ್ಯ ನುಡಿದರು.

“ಸುಳ್ಳು ಹೇಳಲ್ಲ. ಲೀಟರಿಗೆ ಒಂಬತ್ತು. ಅದರ ಮೇಲೆ ಒಂದು ಗಜ ಹೋಗಲ್ಲ. ನನ್ನ ಕಂಡ್ರೆ ಪೆಟ್ರೋಲ್ ಬಂಕಿನವರು ಎದ್ದು ನಿಂತು ಬಾಗಿಲು ತೆಗೀತಾರೆ. ಅದಕ್ಕೇ ಅರ್ಧ ಬೆಲೆ.”

ಹನಿರಾಯನ ಕಣ್ಣು ಅವರ ಮುಖದ ಮೇಲಿರಲಿಲ್ಲ, ಬಲಗಾಲಿನ ಮೇಲಿತ್ತು. ಕೊರೆಯುವ ಯಂತ್ರದ ಪೆಡಲನ್ನು ಆ ಕಾಲು ನೆಲಕ್ಕೆ ಹತ್ತುವಂತೆ ಒತ್ತುತ್ತಿತ್ತು, ಫಕ್ಕನೆ ಬಿಡುತ್ತಿತ್ತು, ಮತ್ತೆ ನೆಲಕ್ಕೆ ಒತ್ತುತ್ತಿತ್ತು. ಅವನಿಗೆ ಎಲ್ಲವೂ ಹೊಳೆದುಬಿಟ್ಟಿತು. ದೋಷ ಕಾರಿನದಲ್ಲ! ಈ ಪುಣ್ಯಾತ್ಗಿತ್ತಿ ಕಾರು ಓಡಿಸುವುದೂ ಹಲ್ಲು ಕೊರೆದಂತೆಯೇ!

ಬುದ್ಧಿವಂತನಾಗಿದ್ದರೆ ಆಗಲೇ ಮುಂಗಡ ಕೊಟ್ಟು ಕೀಲಿ ಇಸಿದುಕೊಳ್ಳುತ್ತಿದ್ದ. ಆದರೆ ಇಷ್ಟು ವರ್ಷ ಆಗಾಗ ಕಚೇರಿಯ ಜೀಪು ಓಡಿಸುತ್ತ ಹನಿಹನಿಯಾಗಿ ಕಲಿತ ವಿದ್ಯೆ ಕಾಲ್ಬೆರಳಲ್ಲಿ ಕಚಗುಳಿ ಇಟ್ಟಿತು.

“ಒಂದು ಸುತ್ತು ಓಡಿಸಿ ನೋಡ್ಲಾ ಡಾಕ್ಟ್ರೇ?”

“ಬನ್ನಿ, ನಾನೂ ಬರ್ತೀನಿ. ಇವರ ದವಡೆಗೆ ಇನ್ನೊಂದು ಸೂಜಿ ಚುಚ್ಚಿದೀನಿ. ಮರಗಟ್ಟೋಕೆ ಸ್ವಲ್ಪ ಹೊತ್ತು ಬೇಕು.”

ಹೊರಡುವ ಮುನ್ನ ಹನಿರಾಯ ಸ್ಟೆಪ್ನಿ ಚಕ್ರವನ್ನು ಇಳಿಸಿ ಕ್ಲಿನಿಕ್ಕಿನ ಬಾಗಿಲಲ್ಲಿಟ್ಟ. ಕಾಲೊರಸುಗಳನ್ನು ತೆಗೆದಿಟ್ಟ. ಆಮೇಲೆ ಹಿಂದಿನ ಸೀಟಿನಲ್ಲಿ ಬಾಮೈದನನ್ನು ಬಾಗಿಲಿಗೆ ಒತ್ತರಿಸಿ ಕೂತಿದ್ದ ಗುಳಿಗೆ ಮಾವನನ್ನು ನೋಡಿದ.

“ಮಾವ, ನೀವು ಇಳಿದ್ರೆ ಲೀಟರಿಗೆ ಅರ್ಧ ಕಿಲೋಮೀಟರು ಹೆಚ್ಚಾಗತ್ತೆ.”

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಳಿಯಂದಿರೇ. ಈಗ ನಾನು ಬರೀ ಗಾಳಿ. ಹೊರಡಿ.”

ಮೈಲೇಜು ತೋರಿಸುವ ಪರದೆಯನ್ನು ಸೊನ್ನೆ ಮಾಡಿ ಹನಿರಾಯ ಹೊರಟ. ಎ.ಸಿ. ಬಂದ್, ಅದು ಪೆಟ್ರೋಲು ಕುಡಿಯುತ್ತದೆ. ಕಿಟಕಿಗಳೂ ಬಂದ್, ಗಾಳಿ ನುಗ್ಗಿದರೆ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಆಕ್ಸಿಲರೇಟರಿನ ಕೆಳಗೆ ಬೆಕ್ಕಿನ ಮರಿ ಮಲಗಿದೆಯೇನೋ ಎಂಬಷ್ಟು ಮೆಲ್ಲಗೆ ಕಾಲಿಟ್ಟ. ಕಾರು ಸೋಮಾರಿ ಎಮ್ಮೆ ಕೆರೆಯಿಂದ ಎದ್ದು ಬರುವಂತೆ ರಸ್ತೆಗೆ ಬಂತು.

ಮೊದಲು ಒಂದು ಸೈಕಲ್ಲು ಅವರನ್ನು ಹಿಂದೆ ಹಾಕಿತು. ಆಮೇಲೆ ತಳ್ಳುಗಾಡಿ. ಊರುಗೋಲಿನ ಅಜ್ಜಿಯೊಬ್ಬಳು ಕಾರಿನ ಪಕ್ಕದಲ್ಲೇ ನಡೆಯುತ್ತ ಒಳಗೆ ಇಣುಕಿ, “ಕೆಟ್ಟು ನಿಂತಿದ್ಯೇನಪ್ಪ?” ಎಂದು ವಿಚಾರಿಸಿ ಮುಂದೆ ಹೋದಳು. ಹಿಂದೆ ವಾಹನಗಳ ಸಾಲು ಬೆಳೆಯಿತು. ಯಾರೋ ದೀಪ ಹಾಕಿದರು, ಅವರನ್ನು ನೋಡಿ ಎಲ್ಲರೂ ದೀಪ ಹಾಕಿದರು. ಆ ಗಂಭೀರ ಮೆರವಣಿಗೆ ಕಂಡು ಪಾದಚಾರಿಗಳು ಸುಮ್ಮನೆ ತಲೆ ತಗ್ಗಿಸಿ ನಿಂತರು. ಒಬ್ಬರಂತೂ ಕಿಟಕಿಗೆ ಬಗ್ಗಿ ಗದ್ಗದ ಸ್ವರದಲ್ಲಿ, “ಯಾರು ಹೋಗಿದ್ದು?” ಎಂದರು.

“ಇನ್ನೂ ಯಾರೂ ಹೋಗಿಲ್ಲ,” ಬಾಮೈದ ಬೆವರು ಹಿಂಡಿಕೊಳ್ಳುತ್ತ ಗಾಜಿನ ಒಳಗಿಂದಲೇ ಕೂಗಿದ. “ಹೀಗೇ ಸೆಖೆ ಮುಂದುವರಿದ್ರೆ ನಾಲ್ಕೂ ಜನ ಒಟ್ಟಿಗೇ!”

“ನನ್ನ ಪೇಷಂಟಿನ ದವಡೆ ಮಾತ್ರ ಅಲ್ಲ, ಇಷ್ಟೊತ್ತಿಗೆ ಇಡೀ ಮನುಷ್ಯನೇ ಮರಗಟ್ಟಿರ್ತಾನೆ,” ಎಂದರು ಡಾಕ್ಟರಮ್ಮ.

ಹನಿರಾಯನಿಗೆ ಯಾವುದೂ ಕೇಳಿಸಲಿಲ್ಲ. ಇಳಿಜಾರಿನಲ್ಲಿ ಕಾಲನ್ನು ಪೂರ್ತಿ ಎತ್ತಿದ, ಕಾರು ತನ್ನಷ್ಟಕ್ಕೆ ಉರುಳಿತು. ದೂರದಲ್ಲಿ ಕೆಂಪು ದೀಪ ಕಂಡರೂ ಬ್ರೇಕು ಮುಟ್ಟಲಿಲ್ಲ. ಇವನು ತಲುಪುವಷ್ಟರಲ್ಲಿ ದೀಪವೇ ಬೇಸತ್ತು ಹಸಿರಾಗುತ್ತಿತ್ತು. ಪರದೆಯ ಮೇಲೆ ಅಂಕಿ ಏರತೊಡಗಿತು. ಹದಿನಾಲ್ಕು. ಹದಿನೇಳು.

“ಹತ್ತೊಂಬತ್ತು!” ಗುಳಿಗೆ ಮಾವ ಮುಂದಕ್ಕೆ ಬಾಗಿದರು.

“ಇಪ್ಪತ್ತು, ಭಾವ, ಇಪ್ಪತ್ತು! ಬಿಡ್ಬೇಡಿ!” ಬಾಮೈದ ಸೆಖೆ ಮರೆತ.

ಕೆರೆಯ ದಂಡೆ ಮುಟ್ಟುವಾಗ ಇಪ್ಪತ್ತೆರಡು! ಕಾರಿನೊಳಗೆ ಚಪ್ಪಾಳೆ, ಶಿಳ್ಳೆ. ಹನಿರಾಯ ಕಾರು ನಿಲ್ಲಿಸಿ, ಕಚೇರಿಯಲ್ಲಿ ಯಾರೂ ಒಮ್ಮೆಯೂ ಕೊಡದ ಆ ಚಪ್ಪಾಳೆಯನ್ನು ಕಣ್ಮುಚ್ಚಿ ಸವಿದ.

ಕಣ್ತೆರೆದಾಗ ಡಾಕ್ಟರಮ್ಮ ಕಾರಿನ ಡ್ಯಾಶ್‌ಬೋರ್ಡನ್ನು ಕಳೆದುಹೋಗಿ ಸಿಕ್ಕ ಮಗುವಿನಂತೆ ಸವರುತ್ತಿದ್ದರು.

“ಇಪ್ಪತ್ತೆರಡು ಕೊಡೋ ಗಾಡಿ! ಇದನ್ನ ನಾನ್ಯಾಕೆ ಮಾರ್ಲಿ?”

ಹನಿರಾಯ ಸ್ಟೀರಿಂಗಿನಿಂದ ಕೈ ತೆಗೆದು ತನ್ನ ಬಲಗಾಲನ್ನು ತೋರಿಸಿದ. “ಡಾಕ್ಟ್ರೇ, ಅದು ಕಾರಿನ ಗುಣ ಅಲ್ಲ! ನನ್ನ ಕಾಲಿನ ಗುಣ!”

“ಹಾಗಾದ್ರೆ ಕಾಲು ಮಾರ್ತೀರಾ?”

“ಇದು ನಿಜವಾಗ್ಲೂ ಕುಡುಕ ಗಾಡಿ. ನನ್ನ ಮಾತು ನಂಬಿ!”

“ಕಣ್ಣಾರೆ ಕಂಡಿದ್ದು ನಂಬ್ಲೋ, ನಿಮ್ಮ ಮಾತು ನಂಬ್ಲೋ? ನಡೀರಿ ವಾಪಸು.”

ಅವನ ಕಣ್ಣ ಮುಂದೆ ಹೆಂಡತಿಯ ಹಿಟ್ಟಿನ ಕೈ ಬಂದು ನಿಂತಿತು. ಉಳಿದಿರುವುದು ಒಂದೇ ದಾರಿ. ಈ ಕಾರು ಎಷ್ಟು ಕುಡಿಯಬಲ್ಲದೆಂದು ಇವರಿಗೆ ತೋರಿಸಿಯೇ ಬಿಡಬೇಕು.

ಎ.ಸಿ. ಪೂರ್ತಿ ತಿರುಗಿಸಿದ. ನಾಲ್ಕೂ ಕಿಟಕಿ ಇಳಿಸಿದ. “ಗಟ್ಟಿಯಾಗಿ ಹಿಡ್ಕೊಳ್ಳಿ,” ಎಂದವನೇ ಜೀವಮಾನದಲ್ಲಿ ಮೊದಲ ಸಲ ಆಕ್ಸಿಲರೇಟರನ್ನು ನೆಲಕ್ಕೆ ತುಳಿದ.

ಕಾರು ಬಾಲಕ್ಕೆ ಬೆಂಕಿ ತಗುಲಿದ ಗೂಳಿಯಂತೆ ನೆಗೆಯಿತು. ಡಾಕ್ಟರಮ್ಮ “ಅಯ್ಯೋ!” ಎಂದದ್ದು ಹಿಂದಿನ ತಿರುವಿನಲ್ಲೇ ಉಳಿಯಿತು. ಗುಳಿಗೆ ಮಾವ ಬಲಗಿವಿಯಿಂದ ಎಡಗಿವಿಗೆ ಜತನದಿಂದ ಹಾಯಿಸಿದ್ದ ಇದ್ದಬದ್ದ ಕೂದಲೆಲ್ಲ ಧ್ವಜದಂತೆ ನೆಟ್ಟಗೆ ನಿಂತು ಪಟಪಟಿಸಿತು. ಬಾಮೈದ ಕಿಟಕಿಯಿಂದ ತಲೆ ಹೊರಹಾಕಿ ಊಳಿಟ್ಟ. ಹೋಗುವಾಗ ಅವರನ್ನು ಹಿಂದೆ ಹಾಕಿದ್ದ ಸೈಕಲ್ಲು, ತಳ್ಳುಗಾಡಿ, ಊರುಗೋಲಿನ ಅಜ್ಜಿ ಎಲ್ಲರೂ ಒಂದೊಂದು ಗೆರೆಯಾಗಿ ಹಿಂದೆ ಸರಿದರು. ಹನಿರಾಯ ಒತ್ತುತ್ತಿದ್ದ, ಫಕ್ಕನೆ ಬ್ರೇಕು ತುಳಿಯುತ್ತಿದ್ದ, ಮತ್ತೆ ಒತ್ತುತ್ತಿದ್ದ. ಸುಟ್ಟುಹೋಗುವ ಪ್ರತಿ ಹನಿಗೂ ಅವನ ಕಣ್ಣಿಂದ ಒಂದೊಂದು ಹನಿ ಇಳಿಯುತ್ತಿತ್ತು. ಆದರೂ ಅಂಕಿ ಇಳಿಯುವುದನ್ನು ಕಂಡು ಒಳಗೊಳಗೇ ಕುಣಿದ. ಹದಿನೆಂಟು, ಹದಿಮೂರು, ಹತ್ತು!

ಕ್ಲಿನಿಕ್ಕಿನ ಮುಂದೆ ಟಯರು ಕಿರುಚಿ ಕಾರು ನಿಂತಾಗ ಪರದೆಯ ಮೇಲೆ ಏಳು.

“ಏಳು!” ಕಾಗೆಗೂಡಾಗಿದ್ದ ಕೂದಲನ್ನು ಎರಡೂ ಕೈಯಲ್ಲಿ ಅದುಮುತ್ತ ಡಾಕ್ಟರಮ್ಮ ಇಳಿದರು. “ನಾನು ಓಡಿಸಿದ್ರೇ ಒಂಬತ್ತು ಬರ್ತಿತ್ತು. ಬೇಡಪ್ಪ ಈ ರಾಕ್ಷಸ! ಮಾರ್ತೀನಿ. ಹೇಳಿದ್ದ ಬೆಲೆಗೇ ಕೊಡ್ತೀನಿ, ತಗೊಂಡು ಹೋಗಿ.”

ಹನಿರಾಯ ಉಸಿರು ಬಿಟ್ಟ. ಮುಂಗಡದ ಹಣಕ್ಕಾಗಿ ಜೇಬಿಗೆ ಕೈ ಇಳಿಸಿದ.

“ಅದಕ್ಕಿಂತ ಜಾಸ್ತಿ ನಾನು ಕೊಡ್ತೀನಿ,” ಎಂದರು ಗುಳಿಗೆ ಮಾವ. “ಪೂರ್ತಿ ಹಣ, ಈಗಲೇ.”

“ಮಾವಾ! ನೀವು ಸುಮ್ನೆ ಜೊತೆಗೆ ಬಂದೋರು!”

“ಬಂದಿದ್ದು ಸುಮ್ನೇನೇ. ಕೂತ ಮೇಲೆ ಮನಸ್ಸಾಯ್ತು.” ಮಾವನ ಮುಖ ಕೆಂಪಾಗಿ ಹೊಳೆಯುತ್ತಿತ್ತು, ಇಪ್ಪತ್ತು ವರ್ಷ ಚಿಕ್ಕವರಾದಂತಿದ್ದರು. “ನಿಧಾನಕ್ಕೆ ಹೋದ್ರೆ ಇಪ್ಪತ್ತೆರಡು, ಜೋರಾಗಿ ಹೋದ್ರೆ ವಿಮಾನ! ಇಂಥ ಗಾಡಿ ಇನ್ನೆಲ್ಲಿ ಸಿಗತ್ತೆ ಅಳಿಯಂದಿರೇ? ಎರಡನ್ನೂ ನೀವೇ ತೋರಿಸಿ ಕೊಟ್ರಲ್ಲ!”

ಹನಿರಾಯ ಡಾಕ್ಟರಮ್ಮನ ಕಡೆ ನೋಡಿದ. ಒಳಗಿನಿಂದ “ಆಂ... ಆಂ...” ಎಂದು ನರಳಾಟ ಕೇಳಿಸಿತು, ಮರಗಟ್ಟಿದ್ದ ದವಡೆಗೆ ಜೀವ ಬಂದಿತ್ತು. “ಜಾಸ್ತಿ ಕೊಡೋರಿಗೇ ಕೊಟ್ಟೆ!” ಎಂದು ಕೀಲಿಯನ್ನು ಗುಳಿಗೆ ಮಾವನ ಅಂಗೈಗೆ ಹಾಕಿ ಅವರು ಒಳಕ್ಕೆ ಓಡಿದರು.

ಹಣ ಕೊಟ್ಟು, ಕಾಗದಕ್ಕೆ ಸಹಿ ಬಿದ್ದು, ಬಾಮೈದ ಸ್ಟೆಪ್ನಿಯನ್ನು ಹೊತ್ತು ತಂದು ಡಿಕ್ಕಿಗೆ ಹಾಕಿದ ಮೇಲೆ ಗುಳಿಗೆ ಮಾವ ಕೀಲಿಯನ್ನು ಹನಿರಾಯನ ಕಡೆ ಚಾಚಿದರು.

“ಒಂದೇ ಒಂದು ಸಣ್ಣ ತೊಂದರೆ ಅಳಿಯಂದಿರೇ. ನಂಗೆ ಓಡಿಸೋಕೆ ಬರಲ್ಲ.”

ಹಾಗಾಗಿ ಸಂಜೆ ಬೀದಿಯೊಳಗೆ ಕಾರು ತಿರುಗಿದಾಗ ಸ್ಟೀರಿಂಗ್ ಹಿಡಿದಿದ್ದವನು ಹನಿರಾಯ. ಬಾಗಿಲು ಬಾಗಿಲಿಂದ ಜನ ಹೊರಬಂದರು. “ಕೊನೆಗೂ ತಗೊಂಡ್ರಪ್ಪ!” ಎಂದು ಯಾರೋ ಕೂಗಿದರು. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಡಿಕ್ಕಿ ತೆರೆದು ಅಗಲ ಅಳೆದಳು, ಎತ್ತರ ಅಳೆದಳು. ಅವಳ ಕಣ್ಣಲ್ಲಿ ನೀರಾಡಿತು.

“ರೀ, ಬೆಳಿಗ್ಗೆ ಏನೇನೋ ಅಂದ್ಬಿಟ್ಟೆ. ನೀವು ಚಿನ್ನ ಕಣ್ರೀ!”

ಬಾಮೈದ ತನ್ನ ಬೂಟಿನ ತುದಿಯನ್ನು ಹೊಸದಾಗಿ ಕಂಡವನಂತೆ ನೋಡತೊಡಗಿದ. ಹಿಂದಿನ ಬಾಗಿಲು ತೆರೆದುಕೊಂಡಿತು. ಗುಳಿಗೆ ಮಾವ ಇಳಿದು, ಕೀಲಿ ಇಸಿದುಕೊಂಡು, ಇಡೀ ಬೀದಿಗೆ ಕೇಳುವಂತೆ ಹೇಳಿದರು: “ಗಾಡಿ ನಂದು. ಓಡಿಸೋದು ಅಳಿಯಂದಿರು.”

ಹೆಂಡತಿ ಮಾವನನ್ನು ನೋಡಿದಳು, ಗಂಡನನ್ನು ನೋಡಿದಳು, ತೆರೆದ ಡಿಕ್ಕಿಯನ್ನು ಬಹಳ ಹೊತ್ತು ನೋಡಿದಳು. ಕಣ್ಣೊರೆಸಿಕೊಂಡು ವ್ಯವಹಾರಕ್ಕೆ ಇಳಿದಳು.

“ಮಾವ, ದಿನಾ ಬೆಳಿಗ್ಗೆ ಸಂಜೆ ನಿಮ್ಮನ್ನ ಅಂಗಡಿಗೆ ಬಿಟ್ಟು ಕರ್ಕೊಂಡು ಬರೋಕೆ ಇವರಿದಾರೆ. ಸಂಬಳ ಏನೂ ಬೇಡ. ಡಿಕ್ಕೀಲಿ ನನ್ನ ಕೇಕು ಹೋಗ್ಲಿ. ಆಗತ್ತಾ?”

“ಧಾರಾಳವಾಗಿ!”

“ಯಾರಾದ್ರೂ ನನ್ನನ್ನೂ ಒಂದು ಮಾತು ಕೇಳಿ,” ಎಂದ ಹನಿರಾಯ.

ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಡಿಕ್ಕಿಯಲ್ಲಿ ನಾಲ್ಕಂತಸ್ತಿನ ಕೇಕು, ಹಿಂದಿನ ಸೀಟಿನಲ್ಲಿ ಪತ್ರಿಕೆ ಬಿಡಿಸಿಕೊಂಡ ಗುಳಿಗೆ ಮಾವ. ಅಗಲವಾದ ರಸ್ತೆ, ಮುಂದೆ ಒಂದು ನರಪಿಳ್ಳೆಯೂ ಇಲ್ಲ. ನಿನ್ನೆ ಒಂದೇ ಒಂದು ಸಲ ವೇಗದ ರುಚಿ ಕಂಡಿದ್ದ ಹನಿರಾಯನ ಬಲಗಾಲು ತುಸುವೇ ತುಸು, ಕೂದಲೆಳೆಯಷ್ಟು, ಕೆಳಗಿಳಿಯಿತು.

ಪತ್ರಿಕೆಯ ಹಿಂದಿನಿಂದ ದನಿ ಬಂತು.

“ಮೆಲ್ಲಗೆ ಅಳಿಯಂದಿರೇ. ಪೆಟ್ರೋಲು ನಂದು.”