ವಕ್ಕಲೇರಿಯ ಹಿಮ ಕಂಟ್ರಾಕ್ಟರು

ನನ್ನ ಚಿಕ್ಕಪ್ಪನಷ್ಟು ದೊಡ್ಡ ವ್ಯಾಪಾರಿಯನ್ನು ನಮ್ಮ ಕೋಲಾರ ಸೀಮೆ ಕಂಡಿಲ್ಲ. ಮಾಲೂರಿನಿಂದ ಮುಳಬಾಗಿಲವರೆಗೆ ಅವನ ಕಸುಬಿನಲ್ಲಿ ಅವನಿಗೊಬ್ಬ ಪೈಪೋಟಿಯವನಿರಲಿಲ್ಲ. ಇರುವುದಾದರೂ ಹೇಗೆ? ಅವನ ಕಸುಬು ಬಿದ್ದ ಹಿಮವನ್ನು ತೆಗೆದುಹಾಕುವುದು! ಬೇಸಿಗೆಯಲ್ಲಿ ಚಪ್ಪಲಿಯಿಲ್ಲದೆ ಅಂಗಳ ದಾಟಿದರೆ ಅಂಗಾಲು ಸುಡುವ ಊರಿನಲ್ಲಿ, ಕೆರೆಗೆ ಒಂದಿಷ್ಟು ನೀರು ಬಂದರೆ ಜನ ಗುಂಪುಕಟ್ಟಿ ನೋಡಲು ಹೋಗುವ ಊರಿನಲ್ಲಿ, ಇಂಥದೊಂದು ಅಂಗಡಿ ತೆರೆದು ಕೂತವನು ಅವನೊಬ್ಬನೇ.

ಹುಚ್ಚನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗನಾಗಿದ್ದಾಗಲೇ ಊರು ಬಿಟ್ಟು ಹೋಗಿ, ಉತ್ತರದ ಬೆಟ್ಟಗಳಲ್ಲಿ ಬುಲ್ಡೋಜರ್ ಓಡಿಸುವ ಕೆಲಸಕ್ಕೆ ಸೇರಿದ್ದ. ರಸ್ತೆಯ ಮೇಲೆ ಹಿಮ ಬೀಳುವುದು, ಅವನು ಅದನ್ನು ತಳ್ಳುವುದು. ಮತ್ತೆ ಬೀಳುವುದು, ಮತ್ತೆ ತಳ್ಳುವುದು. ವಯಸ್ಸೆಲ್ಲ ಹಾಗೇ ಕಳೆಯಿತು. ವರ್ಷಕ್ಕೊಮ್ಮೆ ರಜೆಗೆ ಬಂದು, ಚಿಕ್ಕಮ್ಮನಿಗೊಂದು ಶಾಲು ಕೊಟ್ಟು, ಮತ್ತೆ ಹಿಮ ತಳ್ಳಲು ಹೊರಟುಹೋಗುತ್ತಿದ್ದ. ಬಿಸಿಲೂರಿನ ಚಿಕ್ಕಮ್ಮ ಆ ಶಾಲುಗಳನ್ನು ಹೊದೆಯುವುದಾದರೂ ಯಾವಾಗ? ಒಂದು ಹಸುವಿಗೆ ಹೊದಿಸಿದಳು, ಇನ್ನೊಂದರಲ್ಲಿ ಹಪ್ಪಳ ಒಣಹಾಕಿದಳು. ಹೊಲದ ರಾಗಿ, ಕೊಟ್ಟಿಗೆಯ ಹಸು, ಹಾಲಿನ ಲೆಕ್ಕ ಎಲ್ಲ ಅವಳದೇ. ಎಪ್ಪತ್ತರ ದಶಕದ ಕೊನೆಗೆ ಚಿಕ್ಕಪ್ಪ ಕೆಲಸ ಮುಗಿಸಿ ವಕ್ಕಲೇರಿಗೆ ಬಂದಾಗ ಅವನಿಗೆ ಗೊತ್ತಿದ್ದುದು ಒಂದೇ ವಿದ್ಯೆ. ಆ ವಿದ್ಯೆಗೆ ನಮ್ಮಲ್ಲಿ ಏನೂ ಕೆಲಸವಿಲ್ಲ ಎಂಬ ಸಣ್ಣ ವಿಷಯವನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬಂದ ತಿಂಗಳಲ್ಲೇ ರಸ್ತೆಯ ಕಡೆಯ ಗೋಡೆಗೆ ಬೋರ್ಡು ಬಂತು: ‘ಹಿಮ ಹಾಗೂ ಮಂಜುಗಡ್ಡೆ ತೆಗೆದುಕೊಡಲಾಗುವುದು. ಕಂಟ್ರಾಕ್ಟರು.’ ನಾನಾಗ ಕೋಲಾರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿಕೊಂಡಿದ್ದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಬಲ್ಲವನು ಎಂಬ ಒಂದೇ ಕಾರಣಕ್ಕೆ ನನ್ನನ್ನು ಮ್ಯಾನೇಜರನ್ನಾಗಿ ನೇಮಿಸಿದ. ನನ್ನನ್ನು ಯಾರೂ ಕೇಳಿರಲಿಲ್ಲ.

ಮೊದಲ ಮಳೆಗೇ ಬೋರ್ಡಿನ ಎರಡು ತುದಿಯ ಅಕ್ಷರಗಳೂ ತೊಳೆದುಹೋಗಿ ‘ಗಡ್ಡೆ ತೆಗೆದುಕೊಡಲಾಗುವುದು’ ಎಂದಷ್ಟೇ ಉಳಿಯಿತು. ಅದನ್ನು ಬಸ್ಸಿನಿಂದ ಯಾರೋ ಓದಿರಬೇಕು. ಒಂದು ವಾರದಲ್ಲಿ ವೇಮಗಲ್ ಕಡೆಯ ಅಜ್ಜಿಯೊಬ್ಬಳು ಮಗನ ಜೊತೆ ಬಂದಿಳಿದಳು. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಚಿಕ್ಕಪ್ಪ ಅವಳನ್ನು ಕೂರಿಸಿ, ಗಡ್ಡೆಯನ್ನು ಎಡದಿಂದ, ಬಲದಿಂದ ಗಂಭೀರವಾಗಿ ನೋಡಿ, ಇದು ತನ್ನ ಡಿಪಾರ್ಟ್‌ಮೆಂಟಿನದಲ್ಲ ಎಂದ. ಅಷ್ಟಕ್ಕೇ ಬಿಡದೆ ಅವರನ್ನು ತಾನೇ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಡಾಕ್ಟರಿಗೆ, ಗಟ್ಟಿಯಾದದ್ದನ್ನು ತೆಗೆಯುವಾಗ ಅಂಚಿನಿಂದ ಶುರು ಮಾಡಬೇಕು, ನಡುವಿಗೆ ಕೈ ಹಾಕಬಾರದು ಎಂದು ಸಲಹೆ ಬೇರೆ ಕೊಟ್ಟನಂತೆ. ಡಾಕ್ಟರು ಯಾವ ಕಾಲೇಜಿನವರು ನೀವು ಎಂದು ಕೇಳಿದರಂತೆ.

ಸಲಹೆ ಕೊಡುವುದರಲ್ಲಿ ಅವನ ಕೈ ದೊಡ್ಡದು. ಮಾಲೂರಿನ ಇಟ್ಟಿಗೆ ಗೂಡಿನವರಿಗೆ, ಟೊಮೇಟೊ ಮಂಡಿಯವರಿಗೆ, ಹೋಟೆಲಿನವರಿಗೆ, ಯಾರು ಸಿಕ್ಕರೂ ಹಿಮ ತೆಗೆಯುವ ವ್ಯಾಪಾರದ ಗುಟ್ಟುಗಳನ್ನು ಧಾರಾಳವಾಗಿ ಹೇಳುತ್ತಿದ್ದ. ಬಿದ್ದ ಮೇಲೆ ರೇಟು ಮಾತಾಡಬಾರದು, ಬೀಳುವ ಮುಂಚೆ ಮಾತಾಡಬೇಕು. ಸಲಿಕೆಗೆ ಎಣ್ಣೆ ಸವರಿರಬೇಕು, ಇಲ್ಲದಿದ್ದರೆ ಹಿಮ ಅಂಟುತ್ತದೆ. ಉಪ್ಪಿನ ದಾಸ್ತಾನು ಸೀಸನ್ನಿಗೆ ಮುಂಚೆಯೇ ಇರಬೇಕು. ಕೇಳಿದವರು ತಲೆಯಾಡಿಸಿ ಟೀ ಕುಡಿಸಿ ಕಳಿಸುತ್ತಿದ್ದರು. ಉಪ್ಪಿನ ದಾಸ್ತಾನು ಮಾತ್ರ ನಿಜವಾಗಿಯೂ ಬಂತು, ಚಿಕ್ಕಮ್ಮನ ಕೊಟ್ಟಿಗೆಗೆ. ಹಸುಗಳು ಮೂಟೆಗಳನ್ನು ಹಗಲೆಲ್ಲ ನೆಕ್ಕಿ, ತೊಟ್ಟಿಗಟ್ಟಲೆ ನೀರು ಕುಡಿದು, ಹಾಲು ನೀರಾಗಿದೆ ಎಂದು ಡೈರಿಯವರು ಚಿಕ್ಕಮ್ಮನನ್ನೇ ಅನುಮಾನದಿಂದ ನೋಡಿದರು.

ಆಮೇಲೆ ಯಂತ್ರ. ಡಾಂಬರಿನ ಡ್ರಮ್ಮನ್ನು ಸೀಳಿ, ಬಗ್ಗಿಸಿ, ಎತ್ತಿನ ಗಾಡಿಗೆ ಕಟ್ಟಲು ದೊಡ್ಡದೊಂದು ತಗಡು ಮಾಡಿಸಿದ. ಹಿಮ ತಳ್ಳುವ ತಗಡು ಯಾವತ್ತೂ ಗಾಡಿಯ ಮುಂದೆ ಇರಬೇಕು. ಆದರೆ ಗಾಡಿಯ ಮುಂದೆ ಎತ್ತುಗಳಿವೆಯಲ್ಲ? ಸರಿ, ಎತ್ತುಗಳ ಮುಂದೆ ಕಟ್ಟಿದ. ಮೂಗಿನೆದುರು ಗೋಡೆ ಎದ್ದಿದೆ ಎಂದುಕೊಂಡು ಎತ್ತುಗಳು ಅಲ್ಲೇ ಮಲಗಿಬಿಟ್ಟವು. ಹಾಗಾದರೆ ಎತ್ತು ಹಿಂದಿನಿಂದ ತಳ್ಳಲಿ ಎಂದು ಅವುಗಳನ್ನು ಗಾಡಿಯ ಹಿಂದಕ್ಕೆ ಕಟ್ಟಿದ. ಅವು ಗಾಡಿಯಲ್ಲಿದ್ದ ಹುಲ್ಲನ್ನು ನೆಮ್ಮದಿಯಾಗಿ ತಿನ್ನತೊಡಗಿದವು. ರಸ್ತೆಯಲ್ಲಿ ಅರ್ಧ ಊರು ನೆರೆದಿತ್ತು. ಚಿಕ್ಕಮ್ಮ ಹಾಲಿನ ಕ್ಯಾನು ಹಿಡಿದು ಆ ದಾರಿಯಾಗಿ ಬಂದವಳು ಒಂದು ಕ್ಷಣ ನಿಂತು ನೋಡಿದಳು.

“ಅವನ್ನ ಬಿಚ್ಚಿಬಿಡಿ. ನೀವು ತಳ್ಳಿ, ಅವು ಕಂಟ್ರಾಕ್ಟ್ ನೋಡ್ಕೊಳ್ಲಿ,” ಎಂದು ಹೇಳಿ ಡೈರಿಗೆ ನಡೆದಳು.

ಊರೆಲ್ಲ ನಕ್ಕಿತು. ಆದರೆ ಚಿಕ್ಕಪ್ಪ ಅದನ್ನೂ ಸಲಹೆ ಎಂದೇ ತೆಗೆದುಕೊಂಡ! ತಗಡನ್ನು ಚಿಕ್ಕದು ಮಾಡಿಸಿ, ತರಕಾರಿ ಮಾರುವ ತಳ್ಳುಗಾಡಿಯೊಂದರ ಮುಂದಕ್ಕೆ ಬಿಗಿದ. ಅದು ಸೊಗಸಾಗಿ ಓಡಿತು. ತಳ್ಳುವುದಕ್ಕೆ ಹಿಮವೊಂದು ಬಾಕಿ.

ಮೊದಲ ಗಿರಾಕಿ ಸಿಕ್ಕಿದ್ದು ಮುಳಬಾಗಿಲಲ್ಲಿ. ಅಲ್ಲಿ ಐಸ್‌ಕ್ಯಾಂಡಿ ಮಾರುವ ಸಾಬರೊಬ್ಬರಿದ್ದರು. ಅವರ ಐಸ್ ಪೆಟ್ಟಿಗೆಯ ಒಳಗೋಡೆಗೆ ಮಂಜು ಕಟ್ಟಿ ಕಟ್ಟಿ, ಹೊಸದಾಗಿ ಕ್ಯಾಂಡಿ ಇಡುವುದಕ್ಕೆ ಜಾಗವೇ ಉಳಿದಿರಲಿಲ್ಲ. ಚಿಕ್ಕಪ್ಪ ಉಪ್ಪಿನ ಮೂಟೆ, ಮರದ ಸಲಿಕೆ ಮತ್ತು ಮ್ಯಾನೇಜರ್ ಸಮೇತ ಬಸ್ಸಿನಲ್ಲಿ ಹೋಗಿಳಿದ. ಕರೆಂಟು ತೆಗೆಸಿದ, ಉಪ್ಪು ಎರಚಿದ, ಈಗ ಕಾಯಬೇಕು ಎಂದ. ಕಾಯುವಾಗ ಸುಮ್ಮನಿರುವ ಜಾಯಮಾನವೇ ಅವನದು? ಹಿಮ ತಳ್ಳುವ ತಗಡು ರಸ್ತೆಗೆ ಎಷ್ಟು ಓರೆಯಾಗಿರಬೇಕು ಎಂದು ಸಾಬರಿಗೆ ವಿವರಿಸುತ್ತ ಹೋದ. ಸಾಬರು ಮರ್ಯಾದಸ್ಥರು, ಪೂರ್ತಿ ಕೇಳಿದರು. ಕೊನೆಗೆ ಮುಚ್ಚಳ ತೆಗೆದು ನೋಡಿದರೆ ಪೆಟ್ಟಿಗೆ ಹೊಸದರಂತೆ ಹೊಳೆಯುತ್ತಿದೆ, ಒಂದು ಚೂರು ಮಂಜಿಲ್ಲ. ಒಳಗಿದ್ದ ಕ್ಯಾಂಡಿಯನ್ನು ಮೊದಲು ತೆಗೆದಿಡಬೇಕಿತ್ತೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ತಳದಲ್ಲಿ ಕೆಂಪು, ಹಸಿರು, ಕಿತ್ತಳೆ ಬಣ್ಣದ ಉಪ್ಪುನೀರು ನಿಂತಿತ್ತು, ಮೇಲೆ ಕಡ್ಡಿಗಳು ತೇಲುತ್ತಿದ್ದವು.

ಸಾಬರು ತೇಲುವ ಕಡ್ಡಿಯೊಂದನ್ನು ಎತ್ತಿ ನೋಡಿದರು. ಬೆಟ್ಟದ ಕಡೆಯಿಂದ ಬಂದವನೆಂದು ನಮ್ಮೂರಿನವರೆಲ್ಲ ನಂಬಿದ್ದಂತೆ ಅವರೂ ಚಿಕ್ಕಪ್ಪನನ್ನು ಮಿಲ್ಟ್ರಿಯವನೆಂದೇ ನಂಬಿದ್ದರು.

“ಮಿಲ್ಟ್ರಿ ಸಾಬ್, ನಾನು ಬರಫ್ ತೆಗೀರಿ ಅಂದೆ. ನೀವು ದುಕಾನೇ ತೆಗೆದ್ಬಿಟ್ರಲ್ಲ,” ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಸಲಿಕೆಯನ್ನು ಒರೆಸುತ್ತ ಕೂತ. ಕೋಲಾರದ ಕ್ಲಾಕ್ ಟವರ್ ಹತ್ತಿರ ಬಂದಾಗ, ಪೆಟ್ಟಿಗೆಯಂತೂ ಕ್ಲೀನಾಯ್ತಲ್ಲ ಎಂದು ನನ್ನನ್ನು ಕೇಳಿದ. ಆಯ್ತು ಎಂದೆ. ಅವನ ಮುಖ ಸ್ವಲ್ಪ ಗೆಲುವಾಯಿತು.

ಹೀಗೆ ಕೆಲವು ವರ್ಷ ಕಳೆದವು. ಗಿರಾಕಿ ಇಲ್ಲ, ಅಂಗಡಿ ಮುಚ್ಚಲಿಲ್ಲ. ಆ ಹೊತ್ತಿಗೆ ನಮ್ಮ ಕಡೆ ಹಿಪ್ಪುನೇರಳೆ ಹೆಚ್ಚಾಗಿ, ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರು. ಪಕ್ಕದ ಬೀದಿಯ ಮುನಿಶಾಮಪ್ಪ ಎಂಬುವನು ಹುಳುಮನೆ ಕಟ್ಟಿದ್ದ. ಮಣ್ಣಿನ ಗೋಡೆ, ಮೇಲೆ ಗರಿಯ ಚಪ್ಪರ. ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದರೆ ಈ ಮಾಡು ತಡೆಯುವುದಿಲ್ಲ ಎಂದು ಚಿಕ್ಕಪ್ಪ ಅವನ ಬೆನ್ನುಬಿದ್ದು, ಬೀಳುವ ಮುಂಚೆಯೇ ರೇಟು ಮಾತಾಡಿ ಒಪ್ಪಿಸಿದ. ಕಾಟ ತಪ್ಪಿದರೆ ಸಾಕೆಂದು ಮುನಿಶಾಮಪ್ಪ ಹೂಂ ಎಂದ.

ಆ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಭಾನುವಾರ ನಾನು ವಕ್ಕಲೇರಿಯಲ್ಲೇ ಇದ್ದೆ. ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ ಆಕಾಶ ಕಪ್ಪಾಯಿತು. ಹೆಂಚಿನ ಮೇಲೆ ಟಕ್ ಎಂದಿತು, ಮತ್ತೊಂದು ಟಕ್ ಎಂದಿತು, ಆಮೇಲೆ ಆಕಾಶವೇ ಜಲ್ಲಿಕಲ್ಲು ಸುರಿದಂತಾಯಿತು. ಅಂಥ ಆಲಿಕಲ್ಲನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನೋಡನೋಡುತ್ತ ಅಂಗಳ, ಬೀದಿ, ಹೊಲದ ಬದು ಎಲ್ಲ ಬೆಳ್ಳಗಾದವು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ಆ ಬಿಳುಪನ್ನು ನೋಡುತ್ತಿದ್ದ ರೀತಿ, ಕಳೆದುಹೋದ ನೆಂಟರು ಬಾಗಿಲಿಗೆ ಬಂದರೆ ನೋಡುತ್ತಾರಲ್ಲ, ಹಾಗಿತ್ತು.

ಮುನಿಶಾಮಪ್ಪ ತಲೆಯ ಮೇಲೆ ಮಂಕರಿ ಬುಟ್ಟಿ ಬೋರಲು ಹಾಕಿಕೊಂಡು ಓಡಿಬಂದ. ಮಾಡು ಬಗ್ಗುತ್ತಿದೆ, ಹುಳು ಗೂಡು ಕಟ್ಟುವ ಹೊತ್ತು, ಕುಸಿದರೆ ತನ್ನ ಸಂಸಾರ ಬೀದಿಗೆ ಬಂತು ಎಂದು ಅಳುವ ದನಿಯಲ್ಲಿ ಹೇಳಿದ. ಚಿಕ್ಕಪ್ಪ ತಳ್ಳುಗಾಡಿಗೆ ಕೈ ಹಾಕಿದ. ಬೀದಿಯಲ್ಲಿ ಆಲಿಕಲ್ಲನ್ನು ಎರಡು ಕಡೆಗೂ ಹಾರಿಸುತ್ತ ಅವನು ಮುಂದೆ, ಉಪ್ಪಿನ ಮೂಟೆ ಹೊತ್ತು ನಾನು ಹಿಂದೆ. ನಗುತ್ತಿದ್ದವರೆಲ್ಲ ಜಗಲಿಯಿಂದ ನೋಡಿದರು, ಯಾರೂ ನಗಲಿಲ್ಲ.

ಅಂಚಿನಿಂದ ಶುರು ಮಾಡಿ, ನಡುವಿಗೆ ಕೈ ಹಾಕದೆ, ಉದ್ದನೆಯ ಕೋಲಿಗೆ ಕಟ್ಟಿದ ಹಲಗೆಯಿಂದ ಅವನು ಮಾಡಿನ ಮೇಲಿದ್ದದ್ದನ್ನು ಎಳೆದು ಎಳೆದು ಕೆಡವಿದ. ಜನ ಮಂಕರಿ ತಂದು ಸೇರಿಕೊಂಡರು. ಮಾಡು ಕುಸಿಯಲಿಲ್ಲ, ಹುಳು ಉಳಿದವು. ಆಲಿಕಲ್ಲಿನ ಜೊತೆ ಅರ್ಧ ಗರಿಯೂ ಕಿತ್ತುಬಂದಿದ್ದರಿಂದ ಕಡೆಗೆ ಊರಿನ ದುಪ್ಪಟಿ, ಜಮಖಾನವೆಲ್ಲ ಹುಳುಮನೆಯ ಮೇಲೆ ಹಾಸಬೇಕಾಯಿತು ಎಂಬುದು ಬೇರೆ ಮಾತು. ಚಿಕ್ಕಮ್ಮ ಒಮ್ಮೆಯೂ ಹೊದೆಯದ ಶಾಲುಗಳಿಗೂ ಅಂದು ಕೆಲಸ ಸಿಕ್ಕಿತು.

ಮಳೆ ನಿಂತು ತೆಳು ಬಿಸಿಲು ಬಂತು. ಚಿಕ್ಕಪ್ಪ ಗೆದ್ದ ಪೈಲ್ವಾನನಂತೆ ಗಾಡಿ ತಳ್ಳಿಕೊಂಡು ಮನೆಗೆ ಬಂದ. ಇಲ್ಲಿ ಫ್ರೀ ಸರ್ವೀಸ್ ಎಂದು ನನಗೆ ಹೇಳುತ್ತ, ತಗಡನ್ನು ನೇರ ಮಾಡಿ ತನ್ನ ಅಂಗಳಕ್ಕೆ ಗಾಡಿ ನುಗ್ಗಿಸಲು ಹೊರಟ.

“ತೆಗೀಬೇಡಿ,” ಎಂದಳು ಚಿಕ್ಕಮ್ಮ.

ಅವಳು ಬರಿಗಾಲಲ್ಲಿ ಆಲಿಕಲ್ಲಿನ ನಡುವೆ ನಿಂತಿದ್ದಳು. ಬೊಗಸೆಯ ತುಂಬ ಎತ್ತಿಕೊಂಡಿದ್ದಳು, ಬೆರಳ ಸಂದಿನಿಂದ ನೀರು ಸೋರುತ್ತಿತ್ತು.

“ಸ್ವಲ್ಪ ಹೊತ್ತು ಇರ್ಲಿ. ಅಲ್ಲೂ ಹಿಂಗೇ ಇರೋದಾ?”

“ಹೂಂ. ಕಣ್ಣು ಹೋದಷ್ಟು ದೂರ.”

“ಒಬ್ರೇ ಇರ್ತಿದ್ರಾ?”

ಚಿಕ್ಕಪ್ಪ ಗಾಡಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

“ರಸ್ತೆ ಮುಚ್ಚಿಬಿಟ್ರೆ ಎಷ್ಟೋ ದಿನ ಯಾರೂ ಬರ್ತಿರಲಿಲ್ಲ. ಮಾತೇ ಮರೆತುಹೋಗುತ್ತೆ ಅಂತ ಬುಲ್ಡೋಜರ್ ಜೊತೆ ಮಾತಾಡ್ತಿದ್ದೆ.”

“ಏನಂತ?”

“ಈಗ ರಾಗಿ ಕೊಯ್ತಾ ಇರ್ತಾಳೆ, ಒಬ್ಬಳೇ, ಅಂತ.”

ಚಿಕ್ಕಮ್ಮ ಬೊಗಸೆಯಲ್ಲಿದ್ದುದನ್ನು ಕೆಳಗೆ ಬಿಟ್ಟಳು. ತಣ್ಣಗೆ ಸೆಟೆದು ಕೆಂಪಾಗಿದ್ದ ಅವನ ಕೈಗಳೆರಡನ್ನೂ ಹಿಡಿದು, ತನ್ನ ಸೆರಗಿನಲ್ಲಿ ಸುತ್ತಿ, ಹಾಗೇ ನಿಂತಳು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಹೊರಟುಬಂದೆ.