ಡಿಸೋಜಾರ ಗ್ಲಾಸು, ನನ್ನ ಪಥ್ಯ

ನಮ್ಮಂಥವರ ಮನೆಗಳಲ್ಲಿ ಸುಖಪದಾರ್ಥವೊಂದು ತನ್ನ ನಿಜವಾದ ಹೆಸರು ಹೇಳಿಕೊಂಡು ಒಳಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಅದು ಔಷಧವೆಂದು ಹೇಳಿಕೊಂಡೇ ಬರಬೇಕು. ಚಹವನ್ನೇ ನೋಡಿ. ನನ್ನ ಅಜ್ಜನ ಕಾಲಕ್ಕೆ ಅದು ನಮ್ಮ ಮನೆಗೆ ನೆಗಡಿಯ ಕಷಾಯವೆಂದು ಬಂತು. ಈಗ ನೆಗಡಿ ಇಲ್ಲದವರಿಗೂ ಎರಡು ಹೊತ್ತು ಬೇಕು. ಗೋಲಿ ಸೋಡಾ ನಮ್ಮ ಕಾಕಾನ ವಾಯುವಿನ ಬೆನ್ನು ಹತ್ತಿ ಬಂತು. ಬಿಸ್ಕತ್ತು ಬಂದದ್ದು ಜ್ವರ ಬಿಟ್ಟು ಎದ್ದ ನನ್ನ ತಂಗಿಯ ದೆಸೆಯಿಂದ. ಅವಳು ಗುಣವಾದ ಮೇಲೂ ಡಬ್ಬಿಯಲ್ಲಿ ಅರ್ಧ ಉಳಿದಿತ್ತಾದ್ದರಿಂದ ಉಳಿದ ನಾವೆಲ್ಲ ಸರದಿಯ ಮೇಲೆ ಸಣ್ಣಗೆ ನರಳಿ ಅದನ್ನು ಮುಗಿಸಿದೆವು. ನನ್ನ ಅವ್ವ ಮಡಿಯಲ್ಲಿ ಬಲು ಬಿಗಿ. ಆದರೆ ಅವಳ ಶಾಸ್ತ್ರದಲ್ಲಿ ಔಷಧಕ್ಕೆ ಮೈಲಿಗೆ ಇಲ್ಲ. ಯಾರು ಕೊಟ್ಟರೂ, ಯಾವ ಊರಿನಿಂದ ಬಂದರೂ, ಸೀಸೆಯಲ್ಲಿ ಏನೇ ಇದ್ದರೂ, ಔಷಧವೆಂದ ಮೇಲೆ ಅದು ಗಂಗಾಜಲ. ಈ ಒಂದು ಕಿಂಡಿ ಇಲ್ಲದೆ ಹೋಗಿದ್ದರೆ ನಮ್ಮ ಬಾಳು ಬರೀ ಸಾರು-ಅನ್ನದಲ್ಲಿ ಕಳೆದುಹೋಗುತ್ತಿತ್ತು.

ಇಷ್ಟು ಪೀಠಿಕೆ ಯಾಕೆಂದರೆ, ಹೋದ ಬೇಸಿಗೆಯಲ್ಲಿ ನಾನು ಇದೇ ಕಿಂಡಿಯಿಂದ ಒಂದು ಬಾಟಲಿ ದ್ರಾಕ್ಷಿಯ ಮದ್ಯವನ್ನು ಒಳಗೆ ತಂದೆ. ಗಾಬರಿಯಾಗಬೇಡಿ. ನಾನು ಕುಡುಕನಲ್ಲ. ಹುಬ್ಬಳ್ಳಿಯ ರೇಲ್ವೆ ಕಚೇರಿಯಲ್ಲಿ ಕಾರಕೂನ. ಎಲೆ ಅಡಿಕೆ ಬಿಟ್ಟರೆ ಬೇರೆ ಚಟವಿಲ್ಲ. ಆದರೆ ನನ್ನ ಪಕ್ಕದ ಮೇಜಿನಲ್ಲಿ ಡಿಸೋಜಾ ಇದ್ದರು. ಮೂಲ ಗೋವೆಯವರು, ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲೇ. ದೇವರಿಗೆ ಕೊಂಕಣಿಯಲ್ಲಿ, ಸಾಹೇಬರಿಗೆ ಇಂಗ್ಲಿಷಿನಲ್ಲಿ, ನನಗೆ ಶುದ್ಧ ಹುಬ್ಬಳ್ಳಿ ಮಾತಿನಲ್ಲಿ ಉತ್ತರ ಕೊಡುವವರು. ಬೇಸಿಗೆಯ ರವಿವಾರ ಸಂಜೆ ಅವರ ರೇಲ್ವೆ ಕ್ವಾರ್ಟರ್ಸಿನ ಅಂಗಳದಲ್ಲಿ ನನಗೊಂದು ಬೆತ್ತದ ಕುರ್ಚಿ ಇದ್ದೇ ಇರುತ್ತಿತ್ತು. ಗೋವೆಯ ಗಾಡಿಯಲ್ಲಿ ಗಾರ್ಡನ ಕೈಯಲ್ಲಿ ಬಂದ ತೆಳ್ಳನೆಯ ವೈನು, ಅದಕ್ಕೆ ಅವರ ಹೆಂಡತಿ ಕಹಿಕಿತ್ತಳೆಯ ಸಿಪ್ಪೆ ಕುದಿಸಿ ಮಾಡಿದ ಕಹಿಸಿಹಿಯ ಪಾಕ, ಮೇಲೆ ಚಟ್ಟೆಂದು ಗೋಲಿ ಒತ್ತಿದ ಸೋಡಾ, ಮರದ ಹೊಟ್ಟಿನಲ್ಲಿ ಮುಚ್ಚಿ ತಂದ ಬರ್ಫಿನ ತುಂಡು. ಗ್ಲಾಸಿನ ತುಂಬ ಕೇಸರಿಬಣ್ಣ, ಗುಳ್ಳೆಗಳು ಮೇಲೇರಿ ಮೂಗಿಗೆ ಹೊಡೆಯುವವು. ಮೊದಲು ಕಹಿ, ಹಿಂದೆಯೇ ಸಿಹಿ, ಕೊನೆಗೊಂದು ತೇಗು. ಅಮಲು ಎಂದರೆ ಎಷ್ಟು? ಮನೆಗೆ ಬರುವ ದಾರಿಯಲ್ಲಿ ಎದುರಾದವರಿಗೆಲ್ಲ ಒಮ್ಮೆ ಹೆಚ್ಚಿಗೆ ನಮಸ್ಕಾರ ಮಾಡುವಷ್ಟು. ಶೇಂದಿ ಅಂಗಡಿಯ ಮುಂದೆ ಪಿಕೆಟಿಂಗ್ ಮಾಡಿ ನನ್ನ ಹೆಂಡತಿಯ ತಮ್ಮ ಪೊಲೀಸರ ಲಾಠಿ ತಿಂದು ಬಂದಿದ್ದ. ಆ ರವಿವಾರಗಳಲ್ಲಿ ಅವನ ಎದುರಿಗೆ ನಾನು ಲವಂಗ ಅಗಿಯುತ್ತಲೇ ಮಾತಾಡುತ್ತಿದ್ದೆ.

ಇಷ್ಟು ವರ್ಷ ಅವರ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕುಡಿದೆನಲ್ಲ, ಡಿಸೋಜಾ ನಮ್ಮ ಮನೆಗೆ ಬಂದಾಗ? ಹೊರಗಿನ ಕಟ್ಟೆ. ಚಹ ಕೊಡುತ್ತಿದ್ದೆವು, ಇಲ್ಲವೆಂದಲ್ಲ. ಆ ಕಪ್ಪುಬಸಿ ಕಟ್ಟೆಯ ಗೂಡಿನಲ್ಲೇ ಇರುತ್ತಿತ್ತು, ಅಲ್ಲೇ ತೊಳೆದು ಅಲ್ಲೇ ಬೋರಲು ಹಾಕುವುದು. ಅವ್ವ ಹೊಸ್ತಿಲ ಒಳಗೆ ನಿಂತು ಅವರ ಮಕ್ಕಳ ಕೆಮ್ಮು, ಸಾಲೆ, ಪರೀಕ್ಷೆ ಎಲ್ಲ ವಿಚಾರಿಸುತ್ತಿದ್ದಳು. ಡಿಸೋಜಾ ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ. ನನಗೆ ಮಾತ್ರ ನಾಚಿಕೆಯಾಗುತ್ತಿತ್ತು. ಅವರನ್ನು ಬೀದಿಯ ತಿರುವಿನ ತನಕ ಕಳಿಸಲು ಹೋದಾಗ, "ನಮ್ಮ ಅವ್ವ ಹಳೇ ಕಾಲದಾಕಿ, ಏನ್ ಮಾಡೋದ್ರಿ" ಎಂದು ಸುಧಾರಕನ ಮುಖ ಮಾಡಿ ನಿಟ್ಟುಸಿರು ಬಿಡುತ್ತಿದ್ದೆ. ಅವರು, "ಇರ್ಲಿ ಬಿಡ್ರಿ ರಾಯರ, ಕಟ್ಟೀ ಮ್ಯಾಲ ಗಾಳಿ ಛಲೋ ಬರತೈತಿ" ಅನ್ನುತ್ತಿದ್ದರು.

ಹಾಗಿರುವಾಗ ಅವರಿಗೆ ಬೆಜವಾಡಕ್ಕೆ ವರ್ಗವಾಯಿತು. ಆರ್ಡರು ಬಂದ ದಿನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಅವರು ನಗುತ್ತಲೇ ಅಂದರು: "ರಾಯರ, ನಮ್ಮ ಮನ್ಯಾಗ ಇಷ್ಟು ವರ್ಷ ಕುಡದ್ರಿ. ಹೋಗೂದ್ರೊಳಗ ನಿಮ್ಮ ಮನ್ಯಾಗ ಒಂದ ಗ್ಲಾಸು ನನಗ ಕುಡಸ್ರಲ್ಲ."

ಚೇಷ್ಟೆಯ ಮಾತು ಅದು, ಚೇಷ್ಟೆಯಿಂದಲೇ ಹಾರಿಸಿಬಿಡಬಹುದಿತ್ತು. ಆದರೆ ನನಗೆ ಎಲ್ಲೋ ಚುಚ್ಚಿತು. "ಅಗದೀ ಖರೇ. ಬರೂ ರವಿವಾರ ಬರ್ರಿ. ನಾನ ಮಾಡಿ ಕೊಡತೇನಿ" ಅಂದುಬಿಟ್ಟೆ. ಅಂದ ಮೇಲೆ ಅರ್ಧ ತಿಂದ ರೊಟ್ಟಿಯನ್ನು ಡಬ್ಬಿಗೇ ಹಾಕಿ ಮುಚ್ಚಿದೆ. ಹೇಗಾದರೂ ಮಾಡಿ ಆ ಮನುಷ್ಯನಿಗೆ ನನ್ನ ಮನೆಯಲ್ಲಿ ಒಂದು ಗ್ಲಾಸು ಕೊಡಬೇಕು. ಕೊಡದೆ ಕಳಿಸಿದರೆ ಜನ್ಮವಿಡೀ ಅದು ನನ್ನ ಮೇಲೆ ಉಳಿಯುತ್ತದೆ ಅನಿಸಿತು.

ಉಪಾಯ ಹೇಳಿದವಳು ನನ್ನ ಹೆಂಡತಿ. ಅವಳಿಗೆ ನನ್ನ ರವಿವಾರದ ಲವಂಗದ ಅರ್ಥ ಮೊದಲೇ ಗೊತ್ತಿತ್ತಂತೆ. "ಔಷಧ ಅನ್ರಿ. ನಿಮ್ಮ ಮನ್ಯಾಗ ಔಷಧ ಅಂದ್ರ ಕುದರೀನೂ ಒಳಗ ಬರತದ" ಅಂದಳು. ನನಗೆ ಹಿಡಿಸಿತು. ಡಿಸೋಜಾರಿಂದ ವೈನು ತಂದು, ಮನೆಯಲ್ಲಿದ್ದ ಖಾಲಿ ದ್ರಾಕ್ಷಾಸವದ ಸೀಸೆಗೆ ತುಂಬಿ, ಹೊಟ್ಟೆ ಹಿಡಿದುಕೊಂಡು ಅವ್ವನ ಮುಂದೆ ನಿಂತೆ. ಪಿತ್ತವಾಗಿದೆ, ಎದೆ ಉರಿಯುತ್ತದೆ, ಗೋವೆಯ ವೈದ್ಯರ ಔಷಧ ಬಂದಿದೆ, ರವಿವಾರದ ತನಕ ಇಟ್ಟಿರು ಎಂದೆ. ರವಿವಾರ ಡಿಸೋಜಾ ಬಂದಾಗ ಕಟ್ಟೆಯ ಕಂಬದ ಮರೆಗೆ ಇಬ್ಬರೂ ಒಂದೊಂದು ಗ್ಲಾಸು ಬೆರೆಸಿಕೊಂಡು ಮುಗಿಸುವುದು ನನ್ನ ಲೆಕ್ಕಾಚಾರ.

ನಾನು ಮರೆತದ್ದು ಒಂದೇ. ನಮ್ಮ ಮನೆಯಲ್ಲಿ ಔಷಧ ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆ ಪಥ್ಯ ಬರುತ್ತದೆ, ಪಥ್ಯದ ಹಿಂದೆ ಅವ್ವ ಬರುತ್ತಾಳೆ. ಅವಳು ಸೀಸೆಯ ಬಿರಡೆ ತೆಗೆದು ಮೂಸಿ, "ದ್ರಾಕ್ಷೀದು ಹೌದು, ಆದ್ರ ತೀರಾ ನೀರಾಗೇದ. ಗೋವಾದಾವರಿಗೆ ಔಷಧ ಮಾಡಲಿಕ್ಕೆ ಬರಂಗಿಲ್ಲ" ಎಂದು ತೀರ್ಪು ಕೊಟ್ಟಳು. ಆಮೇಲೆ ಮಡಿ ಉಟ್ಟು ಒಲೆಯ ಮುಂದೆ ಕೂತು ಕಂಚಿಕಾಯಿಯ ಸಿಪ್ಪೆ, ಕಿರಾತಕಡ್ಡಿ, ಶುಂಠಿ, ಹಿಪ್ಪಲಿ ಎಲ್ಲ ಬೆಲ್ಲದ ನೀರಿನಲ್ಲಿ ಕುದಿಸಿ, ಸೋಸಿ, ಆರಿಸಿ, ನನ್ನ ಕಣ್ಣ ಮುಂದೆಯೇ ಆ ವೈನಿಗೆ ಸುರಿದಳು. ರವಿವಾರದ ತನಕ ಇಡುವುದೆಂಥದು, ಪಿತ್ತವೇನು ವಾರ ನೋಡಿ ಬರುತ್ತದೆಯೇ, ನಾಳೆ ಬೆಳಿಗ್ಗೆಯಿಂದಲೇ ಶುರು ಎಂದಳು. ಮರುದಿನ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಪೂರ್ವಕ್ಕೆ ಮುಖ ಮಾಡಿಸಿ, ನಾನು ಕೂಸಾಗಿದ್ದಾಗಿನ ಹಿತ್ತಾಳೆಯ ಒಳಲೆಯಲ್ಲಿ ಒಂದು ಗುಟುಕು ಬಾಯಿಗೆ ಹೊಯ್ದಳು. ಸೋಡಾ ಬೇಕು ಎಂದು ಹೇಳಿ ನೋಡಿದೆ. "ಸೋಡಾ ವಾಯುಕ್ಕ. ನಿನಗಿರೂದು ಪಿತ್ತ" ಅಂದಳು. ಪಿತ್ತವೆಂದು ಯಾಕೆ ಹೇಳಿದೆನೋ! ಇನ್ನು ಊಟ. ಖಾರವಿಲ್ಲ, ಹುಣಸೆ ಇಲ್ಲ, ಬದನೆಕಾಯಿ ಇಲ್ಲ, ರೊಟ್ಟಿ ಇಲ್ಲ, ಶೇಂಗಾದ ಚಟ್ನಿಯ ಮಾತೇ ಇಲ್ಲ. ಮೆತ್ತಗಿನ ಅನ್ನ, ಹೆಸರಿನ ಕಟ್ಟು. ಉಳಿದವರು ಎಣ್ಣೆಗಾಯಿ ಉಣ್ಣುವಾಗ ನನ್ನ ಹೆಂಡತಿ ನನ್ನ ಎಲೆಗೆ ಗಂಜಿ ಬಡಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳು. ಕಚೇರಿಯಲ್ಲಿ ನನ್ನ ಡಬ್ಬಿ ನೋಡಿ ಡಿಸೋಜಾ, "ರಾಯರ, ನನ್ನ ಸಲುವಾಗಿ ಉಪವಾಸ ಹಿಡದ್ರೇನು? ನಮ್ಮೊಳಗೂ ಹಿಂಗ ಈಸ್ಟರಿನ ಮುಂದ ಮಾಡತಾರ" ಎಂದು ಬಿದ್ದು ಬಿದ್ದು ನಕ್ಕರು. ಸೀಸೆ ಅವ್ವನ ವಶವಾಗಿತ್ತಾದ್ದರಿಂದ ಅವರಿಗೂ ಹೊಟ್ಟೆನೋವಿನ ಪಾಠ ಹೇಳಿಕೊಟ್ಟೆ. "ಪಿತ್ತ ಅನಬ್ಯಾಡ್ರಿ ಮತ್ತ, ವಾಯು ಅನ್ರಿ" ಎಂದು ಎಚ್ಚರಿಸಿದೆ.

ರವಿವಾರ ಸಂಜೆ ಡಿಸೋಜಾ ಬಂದರು. ಇಸ್ತ್ರಿಯ ಕೋಟು, ಕೈಯಲ್ಲಿ ಹೊಟ್ಟಿನ ಚೀಲದೊಳಗೆ ಬರ್ಫು. ರೂಢಿಯಂತೆ ಕಟ್ಟೆಯ ಮೇಲೆ ಕೂತರು. ನಾನು ಗ್ಲಾಸು ತರಲು ಎದ್ದೆ, ಅಷ್ಟರಲ್ಲಿ ಅವ್ವ ಹೊಸ್ತಿಲಿಗೆ ಬಂದು, "ಯಾಕ್ರಿ, ಮಾರಿ ಬಾಡೇದಲ್ಲ?" ಎಂದು ಕೇಳಿದಳು.

"ಹೊಟ್ಟಿ ಉಬ್ಬರಾ ಐತ್ರಿ ಅವ್ವಾರ. ವಾಯು" ಎಂದು ಡಿಸೋಜಾ ಕೋಟಿನ ಮೇಲಿಂದಲೇ ಹೊಟ್ಟೆ ಸವರಿಕೊಂಡರು. ಪಾಠ ಚೆನ್ನಾಗಿ ಕಲಿತಿದ್ದರು.

"ನಮ್ಮಲ್ಲಿ ಔಷಧ ಮಾಡೇನಿ, ಕೊಡತೇನಿ" ಎಂದವಳು ಕಟ್ಟೆಯ ಕಡೆಗೊಮ್ಮೆ ನೋಡಿದಳು, ಬೀದಿಯ ಕಡೆಗೊಮ್ಮೆ ನೋಡಿದಳು. "ಔಷಧ ಗಾಳಿಗೆ ಕೂತು ತಗೋಬಾರದು. ಒಳಗ ಬರ್ರಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಡಿಸೋಜಾ ನನ್ನ ಮುಖ ನೋಡಿದರು, ಬೂಟು ಬಿಚ್ಚಿದರು, ತಲೆ ಬಗ್ಗಿಸಿ ಹೊಸ್ತಿಲು ದಾಟಿ ಪಡಸಾಲೆಗೆ ಬಂದರು. ಅವ್ವ ಮಣೆ ಹಾಕಿ ಪೂರ್ವಕ್ಕೆ ಮುಖ ಮಾಡಿ ಕೂಡಿಸಿದಳು. ವಾಯುವಾದ್ದರಿಂದ ಸೋಡಾ ಸಂದಿತು. ಹೊಟ್ಟೆಯ ಬಿಸಿ ಇಳಿಯಲೆಂದು ಬರ್ಫೂ ಸಂದಿತು. ದೊಡ್ಡ ಬೆಳ್ಳಿಯ ಲೋಟದಲ್ಲಿ ಗುಳ್ಳೆಗಳು ಚುರ್ರೆಂದು ಎದ್ದವು. ಡಿಸೋಜಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಭಾಳ ಕಹಿ ಆತೇನ್ರಿ?"

"ಮೊದಲ ಕಹಿರಿ. ಆಮ್ಯಾಲ..." ಲೋಟ ಮುಗಿಸಿ ದೊಡ್ಡದೊಂದು ತೇಗು ತೇಗಿದರು. ಅವ್ವನಿಗೆ ಸಂತೋಷವಾಯಿತು. "ನೋಡ್ರಿ, ಹೊರಗ ಬಿತ್ತು" ಎಂದು ಎರಡನೆಯ ಲೋಟ ಕೊಟ್ಟಳು. ಔಷಧದ ಮೇಲೆ ಬರೀ ಹೊಟ್ಟೆಯಲ್ಲಿ ಹೋಗಬಾರದೆಂದು ಎಲೆ ಹಾಕಿದಳು. ಆ ಎಲೆಯ ಮೇಲೆ ಪಥ್ಯವೇನೂ ಕಾಣಲಿಲ್ಲ. ರೊಟ್ಟಿ, ಎಣ್ಣೆಗಾಯಿ, ಚಟ್ನಿ, ಮೊಸರು. ನನ್ನ ಗೆಳೆಯ ನನ್ನ ಮನೆಯ ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದುದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ಅದರಲ್ಲಿ ಎಣ್ಣೆಗಾಯಿಯ ಪಾಲೂ ಸ್ವಲ್ಪ ಇತ್ತು. ನನ್ನ ಗ್ಲಾಸು ಮುಂದೆ ಚಾಚಿದೆ. "ನಿನ್ನದು ಮುಂಜಾನಿ ಆಗೇದ" ಎಂದು ಅವ್ವ ಸೀಸೆಗೆ ಬಿರಡೆ ಹಾಕಿ, ಉಳಿದದ್ದನ್ನು ಡಿಸೋಜಾರ ಚೀಲಕ್ಕೆ ಇಟ್ಟಳು. ಬೆಜವಾಡದ ನೀರು ಹೇಗೋ ಏನೋ.

ಬೀದಿಯ ತಿರುವಿನಲ್ಲಿ ಡಿಸೋಜಾ ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. "ನಮ್ಮ ಮನೀದಕಿಂತ ಛಲೋ ಆಗಿತ್ರಿ, ರಾಯರ" ಎಂದಷ್ಟೇ ಅಂದರು.

ತಿರುಗಿ ಬಂದಾಗ ಅವ್ವ ಮಣೆ ಎತ್ತಿಡುತ್ತಿದ್ದಳು. "ಆ ಮನಶಾಗ ಏನೂ ಆಗಿಲ್ಲ" ಅಂದಳು. "ಹೊಟ್ಟಿ ಬ್ಯಾನಿ ಇದ್ದಾಂವ ಆ ಪರಿ ಎಣ್ಣಿಗಾಯಿ ಹೊಡೀತಾನೇನು? ನಿನಗೂ ಏನೂ ಆಗಿಲ್ಲ."

"ಮತ್ತ ನನಗ್ಯಾಕ ಪಥ್ಯ ಹಾಕಿದಿ?"

"ಇಷ್ಟು ವರ್ಷ ಅಂವ ಕಟ್ಟೀ ಮ್ಯಾಲ ಕೂತು ಹೋದ. 'ಅವ್ವಾ, ಅವರನ್ನ ಒಳಗ ಕರೀಲೇನು' ಅಂತ ನೀ ಒಂದು ದಿನಾನೂ ಬಾಯಿ ಬಿಟ್ಟು ಕೇಳಲಿಲ್ಲ."

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ನೋ ಏನೋ. ಕೇಳಿದ್ರ ಇಬ್ಬರಿಗೂ ಗೊತ್ತಾಗತಿತ್ತು." ಮಣೆಯನ್ನು ಗೋಡೆಗೆ ಒರಗಿಸಿ ಅವಳು ಒಳಗೆ ಹೋದಳು. ಬೀದಿಯ ತಿರುವಿನಲ್ಲಿ ಇಷ್ಟು ವರ್ಷ ನಾನು ಬಿಟ್ಟ ನಿಟ್ಟುಸಿರುಗಳೆಲ್ಲ ಒಮ್ಮೆಲೇ ನೆನಪಾಗಿ, ಎಲ್ಲಿ ನೋಡಬೇಕೋ ತಿಳಿಯದೆ ಮಣೆಯನ್ನೇ ನೋಡುತ್ತ ನಿಂತೆ.

ಈಗ ಡಿಸೋಜಾರ ಮೇಜಿಗೆ ಅಮ್ಮಿನಬಾವಿಯ ಖಾಜಿ ಎಂಬವರು ಬಂದಿದ್ದಾರೆ. ಸಜ್ಜನರು, ಮಾತಿನಲ್ಲಿ ಮೃದು. ಮೊನ್ನೆ ಎರಡು ಸಲ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಹೋದರು. ನನ್ನ ದುರ್ದೈವಕ್ಕೆ ಆ ಮನುಷ್ಯನ ಆರೋಗ್ಯ ಕಲ್ಲಿನಂತಿದೆ. ವಾಯುವಿಲ್ಲ, ಪಿತ್ತವಿಲ್ಲ, ಒಂದು ಸೀನು ಕೂಡ ಇಲ್ಲ. ಬಾಯಿ ಬಿಟ್ಟು ಕೇಳುವುದೊಂದೇ ದಾರಿ. ಕೇಳಿಯೇಬಿಡಬೇಕೆಂದು ನಿನ್ನೆ ಸಂಜೆ ಅಡುಗೆಮನೆಯ ಬಾಗಿಲ ತನಕ ಹೋದೆ. ಅವ್ವ ಒಲೆಯ ಮುಂದಿನಿಂದ ತಲೆಯೆತ್ತಿ, "ಏನು?" ಅಂದಳು.

"ಕುಡೀಲಿಕ್ಕೆ ನೀರು ಬೇಕಾಗಿತ್ತು" ಅಂದೆ.