ಅರಿಶಿನದ ನೀರು ಹಿಂದಕ್ಕೆ ಬಂತು

ಬಾಗಿಲು ಸ್ವಲ್ಪ ಮುಂದೆ ಮಾಡ್ಕೊಂಡು ಓದಿ. ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ, ಯಾರ ಹತ್ರಾನೂ ಬಾಯಿ ಬಿಡಬಾರದು. ನಾನೂ ನಾಲ್ಕೈದು ಜನಕ್ಕೆ ಬಿಟ್ಟು ಇನ್ಯಾರಿಗೂ ಹೇಳಿಲ್ಲ. ನಮ್ಮ ಬಡಾವಣೆಯಲ್ಲಿ ಇಂಥವು ನಡೀತಾನೇ ಇರ್ತವೆ, ನನ್ನ ಎದೆ ಧಸಕ್ ಅಂತಾನೇ ಇರುತ್ತೆ.

ಅರಸೀಕೆರೆಯಿಂದ ಹಾರನಹಳ್ಳಿ ಕಡೆ ಹೋಗೋ ರಸ್ತೆಯಲ್ಲಿ ತೆಂಗಿನ ತೋಟ ಕಡಿದು ಸೈಟು ಮಾಡಿದ್ದರು. ನಾವು ಮನೆ ಕಟ್ಟಿ ಎರಡು ಮಳೆಗಾಲ ಕಳೆದಿತ್ತು. ಮೋರಿ, ನೀರು ಎಲ್ಲಾ ಕಾನೂನಿನ ಪ್ರಕಾರ ಐತಾ ಅಂತ ನೋಡೋಕೆ ಇಂಜಿನಿಯರ್ ಬರ್ತಾರೆ ಅಂತ ಸುದ್ದಿ ಬಂತು. ಅವರು ಸರಿ ಅಂತ ಸೈನು ಹಾಕಿದರೆ ಲೇಔಟು ಮಾಡಿದ ಸಾಹುಕಾರ ಕೈ ತೊಳಕೊಂಡ ಹಾಗೆ. ಆಮೇಲೆ ಕೇಳೋರಿಲ್ಲ.

ಇದಕ್ಕೆ ಹೆದರಿದವರು ಪಕ್ಕದ ಮನೆ ಟೀಚರಮ್ಮ. ಮಳೆ ಬಂದರೆ ಮೋರಿ ನೀರು ನೆಟ್ಟಗೆ ಅವರ ನಡುಮನೆಗೇ. ಹೋದ ಮಳೆಯಲ್ಲಿ ಮಕ್ಕಳ ಪರೀಕ್ಷೆ ಪೇಪರೆಲ್ಲ ತೇಲಿ ಬಾಗಿಲಿಗೆ ಬಂದಿದ್ದವು. ನನಗೂ ಅಯ್ಯೋ ಅನಿಸಿತ್ತು. ಅವರತ್ತೆ ನನ್ನ ಹಿತ್ತಾಳೆ ಚೊಂಬು ಕದ್ದಿದ್ದು ಬೇರೆ ವಿಷಯ, ಅದನ್ನ ಬೀದಿಗೆಲ್ಲ ನಾನೇ ಹೇಳಿದ್ದೆ. ದೇವರ ದಯೆ, ನಮ್ಮನೆಗೆ ಮಾತ್ರ ಒಂದು ತೊಟ್ಟೂ ನುಗ್ಗಲ್ಲ.

೧. ದೇವರಾದ ಮುಚ್ಚಳ

ಇಂಜಿನಿಯರ್ ಬಂದ ಬೆಳಿಗ್ಗೆ ನೋಡ್ತೀನಿ, ಬೀದಿ ಮಧ್ಯದ ಒಳಚರಂಡಿ ಮುಚ್ಚಳಕ್ಕೆ ಅರಿಶಿನ, ಕುಂಕುಮ, ಸೇವಂತಿಗೆ ಹಾರ. ಮೇಲೆ ನಿಂಬೆಹಣ್ಣು ಬೇರೆ.

"ಇದನ್ನ ತೆಗೆಸಿ, ಗುಂಡಿ ಆಳ ನೋಡ್ಬೇಕು" ಅಂದರು ಇಂಜಿನಿಯರ್.

ಸಾಹುಕಾರ ಚಪ್ಪಲಿ ಬಿಟ್ಟು ಕೈ ಮುಗಿದ. "ಸಾರ್, ಇವತ್ತು ಶುಕ್ರವಾರ. ಪೂಜೆ ಆಗೋಗಿದೆ, ಮುಟ್ಟಂಗಿಲ್ಲ."

ಇಂಜಿನಿಯರೂ ಚಪ್ಪಲಿ ಬಿಟ್ಟರು, ಕೈ ಮುಗಿದರು, "ತಾಯಿ, ತಪ್ಪಾದ್ರೆ ಕ್ಷಮಿಸು" ಅಂತ ಹಾರೆ ಹಾಕಿ ಎತ್ತಿಸಿದರು. ಕೆಳಗೆ ಗುಂಡಿಯೂ ಇಲ್ಲ, ಪೈಪೂ ಇಲ್ಲ. ಬರೀ ನೆಲ, ಒಂದು ಇರುವೆ ಗೂಡು. ನಾನು ಕೆನ್ನೆ ಕೆನ್ನೆ ಬಡ್ಕೊಂಡೆ. ಎರಡು ವರ್ಷದಿಂದ ನಮ್ಮನೆ ಬಚ್ಚಲು ನೀರು ಅಲ್ಲಿಗೇ ಹೋಗ್ತೈತೆ ಅಂತ ನೆಂಟರಿಗೆಲ್ಲ ತೋರಿಸಿದ್ದೆ.

೨. ಕಾಫಿ ಮುಗಿಯೋವರೆಗಿನ ನಲ್ಲಿ

ಬೀದಿ ನಲ್ಲಿ ತಿರುಗಿಸಿದರೆ ಧಾರಾಕಾರ ನೀರು. ಹುಟ್ಟಿದಾಗಿನಿಂದ ಒಂದು ಹನಿ ಕೊಡದ ನಲ್ಲಿ ಅದು. ಹೆಂಗಸರೆಲ್ಲ ಕೊಡ ತರೋಕೆ ಓಡಿದರು.

"ನೋಡಿ ಸಾರ್, ಕಾವೇರಿ" ಅಂದ ಸಾಹುಕಾರ.

"ಸಂತೋಷ. ನಲ್ಲಿ ಬಿಟ್ಟೇ ಇರ್ಲಿ, ಒಂದು ಕಾಫಿ ಕುಡಿಯೋಣ" ಅಂತ ಇಂಜಿನಿಯರ್ ನಮ್ಮ ಜಗಲಿ ಮೇಲೆ ಕೂತರು. ನಾನೇ ಕಾಫಿ ಕೊಟ್ಟೆ. ಲೋಟ ಅರ್ಧ ಆಗೋದರೊಳಗೆ ನೀರು ನೂಲಾಯ್ತು, ಹನಿಯಾಯ್ತು, ನಿಂತೇಹೋಯ್ತು. ಆಗ ಹಿಂದಿನ ಮನೆ ತಾರಸಿ ಮೇಲಿಂದ ಸಾಹುಕಾರನ ಹೆಂಡತಿ ದನಿ:

"ರೀ, ಡ್ರಮ್ಮು ಖಾಲಿಯಾಯ್ತು. ಇನ್ನೂ ಸುರೀಲಾ, ಆವಯ್ಯ ಹೋದ್ನಾ?"

೩. ಕಲ್ಲಿನ ಕೆಳಗೆ

ಉಳಿದಿದ್ದು ಮೋರಿ. ಟೀಚರಮ್ಮ ರಜೆ ಹಾಕಿ ಗೇಟಿನಲ್ಲೇ ನಿಂತಿದ್ದರು. "ಸಾರ್, ಇದೊಂದು ಸರಿ ನೋಡಿ. ಸೈನಾದ್ರೆ ನಾವು ಸಾಯೋ ತನಕ ಮಂಚದ ಮೇಲೇ ಸಂಸಾರ ಮಾಡ್ಬೇಕು."

"ಮೋಸಗಾರ ಕಣ್ರೀ ಇವನು, ಬಿಡಬೇಡಿ" ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು.

ಇಂಜಿನಿಯರ್ ಒಂದು ಬಕೆಟ್ ನೀರಿಗೆ ಅರಿಶಿನ ಕದಡಿಸಿ ಬೀದಿ ಮೇಲಿನ ತುದಿಯಿಂದ ಬಿಟ್ಟರು, ಇನ್ನೊಂದು ಬಿಟ್ಟರು. ಹಳದಿ ನೀರು ಮೋರಿಯಲ್ಲಿ ಸರಾಗ ಹರೀತು, ಟೀಚರಮ್ಮನ ಮನೆ ದಾಟಿತು, ನಮ್ಮನೆ ಮುಂದೆ ನಿಂತಿತು. ಆಮೇಲೆ ನಿಧಾನಕ್ಕೆ ತಿರುಗಿ ಟೀಚರಮ್ಮನ ಹೊಸ್ತಿಲ ಕಡೆ ಹೊರಟಿತು.

"ಇಲ್ಲಿ ಮೋರಿ ಮೇಲೆ ಬಟ್ಟೆ ಒಗೆಯೋ ಕಲ್ಲು ಹಾಕಿರೋರು ಯಾರು?" ಅಂದರು ಇಂಜಿನಿಯರ್.

ನಾನು ಆಕಾಶ ನೋಡಿದೆ. ಸಾಹುಕಾರ ಮಾತ್ರ ಆವತ್ತು ಮೊದಲನೇ ಸಲ ನಕ್ಕ.

ಕಲ್ಲು ಎತ್ತಿದರು. ಅದರ ಕೆಳಗೆ ಆಸರೆಗೆ ನಾನಿಟ್ಟ ಇಟ್ಟಿಗೆ, ಇಟ್ಟಿಗೆಗೆ ಸಿಕ್ಕಿಕೊಂಡ ತೆಂಗಿನ ನಾರು, ಎರಡು ವರ್ಷದ ಕೆಸರು. ಕೆಲಸದವನು ಕೈ ಹಾಕಿ ಎಳೆದ. ನಾರಿನ ಜೊತೆ ಬಂತು ನೋಡಿ, ನನ್ನ ಹಿತ್ತಾಳೆ ಚೊಂಬು. ಅಲ್ಲೇ ಪಾತ್ರೆ ತಿಕ್ಕೋವಾಗ ಜಾರಿರಬೇಕು. ಟೀಚರಮ್ಮನ ಅತ್ತೆ ಕಿಟಕಿಯಲ್ಲಿ ನಿಂತು ನೋಡ್ತಾ ಇದ್ದರು. ಮೋರಿ ನೀರು ಮಾತ್ರ ಗುಳುಗುಳು ಅಂತ ಮುಂದಕ್ಕೆ ಹೋಯ್ತು.

ಇಂಜಿನಿಯರ್ ಸೈನು ಹಾಕಲಿಲ್ಲ. ತಪ್ಪು ಪಟ್ಟಿ ಬರೆದರು: ಗುಂಡಿ ಇಲ್ಲದ ಮುಚ್ಚಳ, ನೀರಿಲ್ಲದ ನಲ್ಲಿ, ಮೂರನೇದು ನನ್ನ ಕಲ್ಲು.

ಟೀಚರಮ್ಮ ಬೈತಾರೆ ಅಂತ ಕಾದೆ. ಅವರು ಚೊಂಬನ್ನು ಬೂದಿ ಹಾಕಿ ತಿಕ್ಕಿ, ಫಳಫಳ ಹೊಳೆಯೋ ಹಾಗೆ ಮಾಡಿ, ನಮ್ಮ ಜಗಲಿಗೇ ತಂದು ನನ್ನ ಕೈಗಿಟ್ಟರು. ಮುಖಕ್ಕೆ ಮುಖ ಕೊಟ್ಟು ಅಂದರು:

"ಅಜ್ಜಿ, ಚೊಂಬು ಸಿಕ್ಕಿದ್ದನ್ನೂ ನೀವೇ ಹೇಳ್ಕೊಂಡು ಬನ್ನಿ. 'ಯಾರಿಗೂ ಹೇಳ್ಬೇಡಿ' ಅಂತ ಶುರು ಮಾಡಿ, ಸಾಯಂಕಾಲದೊಳಗೆ ಅರಸೀಕೆರೆ ಎಲ್ಲಾ ಮುಟ್ಟುತ್ತೆ."